ಗಂಧ ಹಚ್ಚಿಸಿಕೊಂಡ ತೋಟಾಗಳು

ನನ್ನ ಹೊಲಿಗೆ ಮಷೀನಿನ ಬಲಗಡೆ, ಕತ್ತರಿಯ ಪಕ್ಕದಲ್ಲಿ, ದಪ್ಪ ಸೂಜಿಗಳನ್ನು ಹಾಕಿಡುವ ಒಂದು ಕೆಂಪು ಕೊಳವೆ ಇದೆ. ಬುಡ ಹಿತ್ತಾಳೆಯದು, ಮೈ ಪ್ಲಾಸ್ಟಿಕ್ಕಿನದು. ಅದು ಬಂದೂಕಿನ ಖಾಲಿ ತೋಟಾ. ಬ್ಲೌಸಿನ ಅಳತೆ ಕೊಡಲು ಬಂದ ಹೆಂಗಸರು ಕೈ ಎತ್ತಿ ನಿಂತಲ್ಲೇ ಅದನ್ನು ನೋಡಿ, ಇದೇನು ಅಂತ ಕೇಳುತ್ತಾರೆ. ತೋಟಾ ಅಂದ ಕೂಡಲೇ ಎತ್ತಿದ ಕೈ ತಾನಾಗಿ ಇಳಿಯುತ್ತದೆ, ಅಳತೆ ತಪ್ಪುತ್ತದೆ. ಒಬ್ಬಾಕೆಯಂತೂ ಮುಂದಿನ ಸಲ ಗಂಡನನ್ನು ಜೊತೆಗೆ ಕರೆದುಕೊಂಡೇ ಬಂದಳು. ನಿಜ ಹೇಳಬೇಕೆಂದರೆ, ಯಾರಾದರೂ ಕೇಳಲಿ ಅಂತಲೇ ನಾನು ಅದನ್ನು ಎದುರಿಗೆ ಇಟ್ಟಿರುವುದು. ಕೇಳಿದರೆ ಸಾಕು, ಕೊಟ್ರೇಶಿ ಮಾವನ ಕಥೆ ಶುರು. ಹಗರಿಬೊಮ್ಮನಹಳ್ಳಿಯಲ್ಲಿ ನನ್ನ ಅಂಗಡಿಯಿಂದ ಬಟ್ಟೆ ಹೊತ್ತಿಗೆ ಸರಿಯಾಗಿ ಹೋಗುವುದಿಲ್ಲ ಅನ್ನುವ ದೂರಿಗೆ ಅರ್ಧ ಕಾರಣ ಈ ತೋಟಾ, ಇನ್ನರ್ಧ ನನ್ನ ಬಾಯಿ. ಈಗ ನೀವೂ ಕೇಳಿದಿರಿ ಅಂದುಕೊಳ್ಳುತ್ತೇನೆ. ಕೂತುಕೊಳ್ಳಿ, ಹೇಳಿಬಿಡುತ್ತೇನೆ.

ಕೊಟ್ರೇಶಿ ಮಾವ ನನ್ನ ಅವ್ವನ ತಮ್ಮ. ಕೂಡ್ಲಿಗಿಯಿಂದ ಒಳಕ್ಕೆ ಹೋದರೆ ಗುಡ್ಡದ ಬುಡದಲ್ಲಿ ಅವನ ಹಳ್ಳಿ. ಕರೆಂಟಿನ ಲೈನ್‌ಮನ್ ಆಗಿ ಕಂಬ ಹತ್ತಿ ಇಳಿದು ನಿವೃತ್ತನಾದವನು. ಲೈನ್ ಬಂದ್ ಆಗಿದೆ ಅಂತ ಯಾರು ಹೇಳಿದರೂ ನಂಬದೆ, ತಾನೇ ಹೋಗಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಕಂಬ ಹತ್ತುತ್ತಿದ್ದವನು ಅವನು. ಅದಕ್ಕೇ ಕೈಯ ಹತ್ತೂ ಬೆರಳು ಇಟ್ಟುಕೊಂಡು ಪಿಂಚಣಿ ತಗೊಳ್ಳುತ್ತಿದ್ದೇನೆ ಅಂತ ಅವನ ಹೆಮ್ಮೆ. ಬೇಸಿಗೆ ರಜೆ ಬಂತೆಂದರೆ ನಾನು ಅಲ್ಲಿಗೇ ಓಡುತ್ತಿದ್ದೆ. ಅವ್ವ ಕಟ್ಟಿಕೊಟ್ಟ ಮಂಡಕ್ಕಿ ಬಸ್ಸಿನಲ್ಲೇ ಖಾಲಿ. ಮಾವನ ಮನೆಯಲ್ಲಿ ನನಗೆ ಬೇಕಾಗಿದ್ದದ್ದು ಮಾವಿನಹಣ್ಣೂ ಅಲ್ಲ, ಅತ್ತೆಯ ಶೇಂಗಾ ಹೋಳಿಗೆಯೂ ಅಲ್ಲ. ಆ ಬಂದೂಕು.

ಅದು ಮಾವನ ಅಪ್ಪನ ಕಾಲದ್ದು. ಬೆಳೆ ಕಾಯಲು ಸಿಕ್ಕ ಲೈಸೆನ್ಸಿನ ಜೊತೆ ಮಾವನ ಹೆಸರಿಗೆ ಬಂದಿತ್ತು. ಒಂದು ಈಡು ಹಾರಿದ ಮೇಲೆ ತಾನೇ ಖಾಲಿ ತೋಟಾವನ್ನು ಪಕ್ಕಕ್ಕೆ ಉಗುಳಿ, ತಾನೇ ಇನ್ನೊಂದನ್ನು ಒಳಗೆಳೆದುಕೊಳ್ಳುವ ಹಳೇ ಜಾತಿ. ಅದರೊಳಗೆ ಯಾರೋ ಕುಳ್ಳನೊಬ್ಬ ಕೂತು ತೋಟಾ ಎತ್ತಿ ಕೊಡುತ್ತಾನೆ ಅಂತ ನಾನು ಎಷ್ಟೋ ವರ್ಷ ನಂಬಿದ್ದೆ. ಉಗುಳಿದ ತೋಟಾ ಬಿಸಿಯಾಗಿ, ಸುಟ್ಟ ವಾಸನೆ ಹೊತ್ತು ಶೇಂಗಾ ಬಳ್ಳಿಯ ಮೇಲೆ ಬೀಳುತ್ತಿತ್ತು. ಓಡಿಹೋಗಿ ಎತ್ತಿಕೊಂಡು, ಅದರ ಬಾಯಿಗೆ ತುಟಿ ಇಟ್ಟು ಊದಿದರೆ ಒಳ್ಳೇ ಸೀಟಿ. ತುಟಿ ಕಪ್ಪಾಗುತ್ತಿತ್ತು, ಅತ್ತೆ ಬೈಯುತ್ತಿದ್ದಳು, ಮತ್ತೆ ಊದುತ್ತಿದ್ದೆ. ಚುನಾವಣೆ ಬಂದಾಗ ಮಾತ್ರ ಬಂದೂಕು ಪೊಲೀಸ್ ಠಾಣೆಗೆ ಹೋಗಿ ಕೂರಬೇಕು. ಆಗ ಮಾವನ ಮುಖ ನೋಡಬೇಕಿತ್ತು ನೀವು. ಮಗಳನ್ನು ಗಂಡನ ಮನೆಗೆ ಕಳಿಸಿದವನ ಹಾಗೆ ಎರಡು ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ. ವಾಪಸು ಬಂದ ದಿನ ಮೊದಲು ಅದರ ಮೈಯೆಲ್ಲ ಒರೆಸಿ, ಎಲ್ಲಿ ಗೀರು ಬಿದ್ದಿದೆ ಅಂತ ಬಿಸಿಲಿಗೆ ಹಿಡಿದು ನೋಡುತ್ತಿದ್ದ.

ಈಗ ಸ್ವಲ್ಪ ಗಮನ ಕೊಡಿ, ಇಡೀ ಕಥೆ ನಿಂತಿರುವುದು ಇದರ ಮೇಲೆ. ಹಳೇ ಬಂದೂಕಿನಲ್ಲಿ ತೋಟಾ ಹೋಗಿ ಕೂರುವ ಜಾಗ ಗಿಡ್ಡ. ಈಗಿನ ಕಾಲದ ತೋಟಾ ಉದ್ದ. ಆದರೆ ತೋಟಾದ ಬಾಯಿಯನ್ನು ಒಳಕ್ಕೆ ಮಡಚಿ ಮುಚ್ಚಿರುತ್ತಾರಲ್ಲ, ಉದ್ದದ್ದಕ್ಕೆ ಮಡಿಕೆ ಹೆಚ್ಚು, ಗಿಡ್ಡದ್ದಕ್ಕೆ ಕಡಿಮೆ, ಹಾಗಾಗಿ ಮುಚ್ಚಿರುವಾಗ ಉದ್ದದ್ದೂ ಗಿಡ್ಡದ್ದೂ ನೋಡಲು ಒಂದೇ. ಅಂಗಡಿಯ ಉದ್ದ ತೋಟಾ ಹಳೇ ಬಂದೂಕಿನೊಳಗೆ ಸಲೀಸಾಗಿ ಹೋಗಿ ಕೂರುತ್ತದೆ. ಅಲ್ಲೇ ಇರುವುದು ಮೋಸ. ಹಾರಿದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಮುಂದೆ ಜಾಗವಿರುವುದಿಲ್ಲ, ದಾರಿ ಇಕ್ಕಟ್ಟಾಗುತ್ತದೆ, ಒಳಗಿನ ಒತ್ತಡವೆಲ್ಲ ಹಳೇ ಕಬ್ಬಿಣದ ಮೇಲೆ ಬೀಳುತ್ತದೆ. ಬಂದೂಕಿನ ಅದೃಷ್ಟ ಚೆನ್ನಾಗಿದ್ದರೆ ತಡೆದುಕೊಳ್ಳುತ್ತದೆ. ಇಲ್ಲದಿದ್ದರೆ ನಳಿಗೆಯನ್ನು ಕೆಳಗಿನಿಂದ ಹಿಡಿದ ಎಡಗೈ ಇರುತ್ತದಲ್ಲ, ಆ ಕೈ ಆಮೇಲೆ ಕೈಯಾಗಿ ಉಳಿಯುವುದಿಲ್ಲ.

ಅದಕ್ಕೇ ಮಾವ ಹಾರಿದ ತೋಟಾಗಳ ತುದಿ ಕತ್ತರಿಸಿ ಗಿಡ್ಡ ಮಾಡಿ, ತಾನೇ ಮತ್ತೆ ತುಂಬಿಕೊಳ್ಳುತ್ತಿದ್ದ. ಅದಕ್ಕೂ ಕಾಗದಪತ್ರ ಬೇಕು, ಅವನ ಹತ್ತಿರ ಇದ್ದವು. ಮದ್ದಿನ ಡಬ್ಬಿ ಬೇರೆ ಬೀರುವಿನಲ್ಲಿ, ಬೀಗದೊಳಗೆ. ತುಂಬುವ ದಿನ ಹಿಂದಿನ ಪಡಸಾಲೆಯಲ್ಲಿ ಮೇಜು ಹಾಕಿ, ಕನ್ನಡಕ ಏರಿಸಿ ಕೂತನೆಂದರೆ ಆ ಕಡೆ ಒಲೆಯೂ ಉರಿಯುವಂತಿಲ್ಲ, ಊದಿನಕಡ್ಡಿಯೂ ಹೊಗೆಯಾಡುವಂತಿಲ್ಲ. ಬೀಡಿ ಸೇದುವವರು ಬೀದಿಯಲ್ಲೇ ನಿಲ್ಲಬೇಕು. ಮೇಜಿನ ಮೇಲೆ ಒಂದೇ ಜಾತಿಯ ಮದ್ದು, ಎರಡನೆಯದು ಕಣ್ಣಿಗೂ ಬೀಳಬಾರದು. ಮದ್ದು ಹೆಚ್ಚಾದರೆ ಬಂದೂಕಿನ ಎಲುಬು ಮುರಿಯುತ್ತದೆ, ಕಡಿಮೆಯಾದರೆ ತೋಟಾ ಉಗುಳದೆ ಮುನಿಸಿಕೊಂಡು ಕೂರುತ್ತದೆ. ಹೊಸ ಅಳಿಯನಿಗೆ ಬಡಿಸಿದ ಹಾಗೆ ಬಡಿಸಬೇಕು ಅಂತ ಅತ್ತೆ ನಗುತ್ತಿದ್ದಳು. ಮದ್ದು ಹಾಕಿದ ಮೇಲೆ ತೋಟಾಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದೊಂದರ ಬಾಯೊಳಗೂ ಬ್ಯಾಟರಿ ಬಿಟ್ಟು ನೋಡುತ್ತಿದ್ದ, ಯಾವುದಕ್ಕಾದರೂ ಎರಡು ಸಲ ಬಿದ್ದಿದೆಯೋ, ಯಾವುದಾದರೂ ಹಸಿದಿದೆಯೋ ಅಂತ. ಎಲ್ಲಾ ಮುಗಿದ ಮೇಲೆ ಮುಚ್ಚಿದ ಬಾಯಿಯ ಮೇಲೆ ಕಪ್ಪು ಮಸಿಯ ಒಂದು ಚುಕ್ಕಿ. ಚುಕ್ಕಿ ಇದ್ದರೆ ಅದು ಮಾವನ ಗಿಡ್ಡ ತೋಟಾ, ಹಳೇ ಬಂದೂಕಿಗೆ ಸಲ್ಲುವಂಥದ್ದು.

ಎಲ್ಲಕ್ಕಿಂತ ಕಠಿಣ ಕಾನೂನೆಂದರೆ, ಆ ಮೇಜಿನ ಹತ್ತಿರ ಮಾತಾಡಕೂಡದು. ಮಾತಿಗೆ ಮನಸ್ಸು ಹೋದರೆ ಕೈ ಲೆಕ್ಕ ತಪ್ಪುತ್ತದೆ ಅನ್ನುತ್ತಿದ್ದ. ನಮ್ಮ ವಂಶದಲ್ಲಿ ಇಂಥ ಕಾನೂನು! ನಮ್ಮವರು ನಿದ್ದೆಯಲ್ಲೂ ಮಾತಾಡುವವರು. ಬೀದಿಯಲ್ಲಿ ಹೋಗುವವರು ಕೊಟ್ರೇಶಣ್ಣಾ ಅಂತ ಕೂಗಿದರೂ ಮಾವ ಓಗೊಡುತ್ತಿರಲಿಲ್ಲ, ನೌಕರಿ ಸಿಕ್ಕ ಮೇಲೆ ಸೊಕ್ಕು ಬಂದಿದೆ ಅಂತ ಊರು ಆಡಿಕೊಂಡದ್ದೂ ಉಂಟು. ನಾನು ಬಾಯಿಗೆ ಲಂಗದ ಅಂಚು ತುರುಕಿಕೊಂಡು ಬಾಗಿಲಲ್ಲಿ ಕೂರುತ್ತಿದ್ದೆ. ಒಮ್ಮೆ ತಡೆಯಲಾಗದೆ, ಮಾವ ನಿನ್ನ ಕಿವಿಯ ಮೇಲೆ ಇರುವೆ ಹತ್ತಿದೆ ಅಂದುಬಿಟ್ಟೆ. ಮಾವ ಏನೂ ಅನ್ನದೆ ಆವತ್ತು ತುಂಬಿದ್ದನ್ನೆಲ್ಲ ಬಿಚ್ಚಿ ಸುರುವಿ, ಮೊದಲಿನಿಂದ ಶುರು ಮಾಡಿದ. ಬೈದಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಮಹಾನವಮಿಗೆ ನಾನು ಅಂಗಡಿ ಮುಚ್ಚಿ ಮಾವನ ಊರಿಗೆ ಹೋಗಿದ್ದೆ. ನನ್ನ ಕತ್ತರಿಯೂ ಜೊತೆಗಿತ್ತು, ಅತ್ತೆ ಪೂಜೆ ಮಾಡಿದರೇ ಅದು ವರ್ಷವೆಲ್ಲ ನೆಟ್ಟಗೆ ಕತ್ತರಿಸುತ್ತದೆ ಅಂತ ನನ್ನ ನಂಬಿಕೆ. ಆ ಊರಿನಲ್ಲಿ ಆಯುಧಪೂಜೆ ಅಂದರೆ ತಮಾಷೆಯಲ್ಲ. ಪೂಜೆಗೆ ಕೂತ ಸಾಮಾನು ಮರುದಿನ ಬನ್ನಿ ಮುಡಿಯುವತನಕ ಏಳುವಂತಿಲ್ಲ. ಕುಡಗೋಲು, ಕುಂಟೆ, ಟ್ರ್ಯಾಕ್ಟರು, ಮೋಟರು ಎಲ್ಲಕ್ಕೂ ರಜೆ. ನಾಗರತ್ನತ್ತೆಯ ಭಕ್ತಿ ಇನ್ನೂ ಒಂದು ತೂಕ ಹೆಚ್ಚು. ಮಿಕ್ಸರು, ಲಟ್ಟಣಿಗೆ, ಮಾವನ ಕನ್ನಡಕದ ಪೆಟ್ಟಿಗೆ, ಯಾವುದನ್ನೂ ಬಿಡುವವಳಲ್ಲ. ನಾನು ಸ್ವಲ್ಪ ಹೊತ್ತು ಅಲ್ಲಾಡದೆ ನಿಂತಿದ್ದರೆ ನನಗೂ ಒಂದು ಹೂವು ಏರಿಸುತ್ತಿದ್ದಳೇನೋ. ಪೂಜೆಗೆ ಬಂದೂಕು ತೆಗೆದುಕೊಳ್ಳಲಿ ಅಂತ ಮಾವ ಅತ್ತೆಗೆ ಬೀಗದ ಕೈ ಕೊಟ್ಟು ಸ್ನಾನಕ್ಕೆ ಹೋಗಿದ್ದ. ಬರುವಷ್ಟರಲ್ಲಿ ಪೂಜೆ ಮುಗಿದು, ದೊಡ್ಡ ತಟ್ಟೆಯಲ್ಲಿ ತೋಟಾಗಳೆಲ್ಲ ಗಂಧ ಕುಂಕುಮ ಹಚ್ಚಿಸಿಕೊಂಡು, ತಲೆಗೊಂದು ಚೆಂಡುಹೂವಿನ ಎಸಳು ಇಟ್ಟುಕೊಂಡು ಕೂತಿದ್ದವು. ಏನು ಚಂದ ಕಂಡವು ಅಂತೀರಿ! ನಾನು ಮೊಬೈಲಿನಲ್ಲಿ ಫೋಟೋ ಹೊಡೆದೆ. ಮಾವ ದೂರದಿಂದಲೇ ಕೈ ಮುಗಿದು ಊಟಕ್ಕೆ ಕೂತ.

ಹೊತ್ತು ಮುಳುಗುವ ಮುಂಚೆ ಪಕ್ಕದ ಮನೆಯ ತಿಪ್ಪೇಸ್ವಾಮಿ ಓಡಿ ಬಂದ. ಚಪ್ಪಲಿ ಒಂದೇ ಕಾಲಲ್ಲಿತ್ತು. ಅವನ ತಾಯಿ ದುರುಗಜ್ಜಿ ಹೊಲದಲ್ಲಿ ಕಿತ್ತು ಒಟ್ಟಿದ ಶೇಂಗಾ ಕಾಯಲು ಹೋಗಿದ್ದಳು. ಗುಡ್ಡದಿಂದ ಕರಡಿ ಇಳಿದಿದೆ, ಅಜ್ಜಿ ತಗಡಿನ ಶೆಡ್ಡಿನೊಳಗೆ ಸೇರಿಕೊಂಡು ಅಲ್ಲಿಂದಲೇ ಫೋನು ಮಾಡಿದ್ದಾಳೆ, ಕರಡಿ ತಗಡನ್ನು ಕೆರೆಯುತ್ತಿದೆ, ಆ ಸದ್ದು ಫೋನಿನಲ್ಲೇ ಕೇಳಿಸುತ್ತಿದೆ ಅಂದ. ಅರಣ್ಯದವರಿಗೆ ಸುದ್ದಿ ಮುಟ್ಟಿಸಿದ್ದ, ಹೊರಟಿದ್ದೇವೆ ಅಂದಿದ್ದರು, ಆದರೆ ಅವರು ಬರುವ ದಾರಿ ದೂರ. ಪಟಾಕಿ ಹಚ್ಚೋಣವೆಂದರೆ ಅದು ಬರುವುದು ದೀಪಾವಳಿಗೆ. ಕರಡಿಗೆ ಹೊಡೆಯುವಂತಿಲ್ಲ, ಹೊಡೆಯುವ ಮನಸ್ಸೂ ನಮಗಿಲ್ಲ. ಆಕಾಶಕ್ಕೆ ಒಂದೇ ಒಂದು ಈಡು ಹಾರಿಸಿದರೆ ಸಾಕು, ಓಡಿಹೋಗುತ್ತದೆ.

ದುರುಗಜ್ಜಿ ಅಂದರೆ ಮಾವನಿಗೆ ಬರೀ ಪಕ್ಕದ ಮನೆಯವಳಲ್ಲ. ನನ್ನಜ್ಜಿ ಹೆತ್ತು ಮಲಗಿ ಜ್ವರ ಬಂದಾಗ ಇವನಿಗೆ ಎದೆಹಾಲು ಕೊಟ್ಟವಳು. ಮಾವ ಎದ್ದದ್ದು ನನಗೆ ಕಾಣಲೇ ಇಲ್ಲ, ಬಂದೂಕು ಅವನ ಕೈಯಲ್ಲಿತ್ತು. ಪೂಜೆಯ ಆಯುಧ ಎದ್ದಿತಲ್ಲ ಅಂತ ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಬಂದೂಕಿಗೆ ಒಮ್ಮೆ ಕೈ ಮುಗಿದು, ಹೋಗ್ರಿ ಬೇಗ ಅಂದಳು. ಮಾವ ತಟ್ಟೆಯಿಂದ ಒಂದು ತೋಟಾ ಎತ್ತಿಕೊಂಡು, ಒಳಗೆ ತಳ್ಳುವ ಮುಂಚೆ ರೂಢಿಯಂತೆ ಬಾಯಿ ಮೇಲೆ ಮಾಡಿ ನೋಡಿದ. ಗಂಧ. ಹೆಬ್ಬೆರಳಿನಿಂದ ಒರೆಸಿದ. ಕೆಳಗೆ ಚುಕ್ಕಿ ಇರಲಿಲ್ಲ. ಇನ್ನೊಂದನ್ನು ಎತ್ತಿ ಗಂಧವೆಲ್ಲ ಹೋಗುವ ಹಾಗೆ ಒರೆಸಿದ, ಅದರಲ್ಲೂ ಇರಲಿಲ್ಲ. ಅವನ ಹೆಬ್ಬೆರಳು ಅಲ್ಲೇ ನಿಂತಿತು.

"ನಾಗಿ, ಎರಡೂ ಡಬ್ಬಿದೂ ಒಂದಾ ತಟ್ಟ್ಯಾಗ ಇಟ್ಟಿಯೇನು?"

"ಹೂನ್ರಿ. ಮ್ಯಾಲೆ ಕರೇ ಕಲಿ ಇದ್ವು, ಒದ್ದಿ ಬಟ್ಟಿಲೆ ಒರಸಿ ಗಂಧ ಹಚ್ಚೀನಿ" ಅಂದಳು ಅತ್ತೆ. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೂ ಹೊಳೆಯಿತು.

ಎರಡು ಡಬ್ಬಿ ಯಾಕೆ ಅಂತೀರಾ? ಮಾವನ ಹತ್ತಿರ ಮೊದಲು ಒಂದು ಜೋಡಿ ನಳಿಗೆಯ ಹೊಸ ಬಂದೂಕೂ ಇತ್ತು. ಅದನ್ನು ಆ ಬೇಸಿಗೆಯಲ್ಲಿ ಬಂದೂಕಿನ ಅಂಗಡಿಗೇ ಮಾರಿದ್ದ. ಅದರ ಉಳಿದ ಉದ್ದ ತೋಟಾಗಳನ್ನು ಹಬ್ಬ ಮುಗಿದ ಮೇಲೆ ಅಂಗಡಿಗೆ ಹಿಂದಿರುಗಿಸುವವನಿದ್ದ. ಒಂದೇ ಕಂಪನಿಯ, ಒಂದೇ ಕೆಂಪು ಬಣ್ಣದ ತೋಟಾಗಳು. ಮಾವ ಕತ್ತರಿಸಿ ತುಂಬಿದ್ದೂ ಅಂಥವನ್ನೇ. ಬೇರೆ ಮಾಡುತ್ತಿದ್ದದ್ದು ಆ ಚುಕ್ಕಿಯೊಂದೇ. ದೇವರ ಪಾತ್ರೆ ತೊಳೆದಷ್ಟು ಶ್ರದ್ಧೆಯಿಂದ ಅತ್ತೆ ಅದನ್ನು ಒರೆಸಿ ಹಾಕಿದ್ದಳು.

ನಾನು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಅಳೆಯಲು ಶುರು ಮಾಡಿದೆ. ಹಬ್ಬದ ದಿನವೂ ಟೇಪು ಕುತ್ತಿಗೆಯಲ್ಲೇ ಇರುತ್ತದೆ, ನಗಬೇಡಿ. ಮುಚ್ಚಿದ ಬಾಯಿಯ ತೋಟಾಗಳೆಲ್ಲ ಒಂದೇ ಅಳತೆ ಅಂತ ಈಗಷ್ಟೇ ನಿಮಗೆ ಹೇಳಿದವಳು ನಾನೇ. ಆದರೂ ಒಂದಾದ ಮೇಲೆ ಒಂದು ಅಳೆಯುತ್ತಲೇ ಹೋದೆ, ಕೈಗಳಿಗೆ ಏನಾದರೂ ಕೆಲಸ ಬೇಕಿತ್ತು. ಎಲ್ಲಾ ಒಂದೇ ಇದ್ದವು. ಬಿಚ್ಚಿದ ಹೊರತು ಗೊತ್ತಾಗುವಂತಿರಲಿಲ್ಲ. ಬಿಚ್ಚಿದ್ದನ್ನು ಮತ್ತೆ ತುಂಬಲು ಅವಸರದ ಕೈ ಆಗುವುದಿಲ್ಲ.

ತಿಪ್ಪೇಸ್ವಾಮಿಯ ಕಣ್ಣಲ್ಲಿ ನೀರು ಬಂದಿತ್ತು. "ಒಂದಾ ಈಡು, ಕೊಟ್ರೇಶಣ್ಣ. ಇಷ್ಟ್ರಾಗ ಒಂದೆರಡು ಉದ್ದ ಇರಬೋದು. ಅದಾ ಕೈಗೆ ಬರತೈತೇನು?"

ಮಾವ ತೋಟಾಗಳನ್ನೇ ನೋಡುತ್ತ ನಿಂತ. ಹಾಲು ಕೊಟ್ಟವಳು ತಗಡಿನ ಹಿಂದೆ ಇದ್ದಾಳೆ, ಇವನ ಕೈಯಲ್ಲಿ ಬಂದೂಕಿದೆ. ಹಾರಿಸಿಬಿಡು ಮಾವ ಅಂತ ನನ್ನ ನಾಲಗೆಯ ತುದಿಗೆ ಬಂದಿತ್ತು. ಹಾರಿಸಬೇಡ ಅಂತಲೂ ಅದೇ ನಾಲಗೆಯ ತುದಿಯಲ್ಲಿತ್ತು. ಅತ್ತೆ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಅದಾ ಬರಂಗಿಲ್ಲ ಅಂತ ನನಗ ಯಾರು ಹೇಳ್ತಾರ, ತಿಪ್ಪೇಶಿ?" ಅಂದ ಮಾವ. ಎತ್ತಿಕೊಂಡ ಎರಡು ತೋಟಾಗಳನ್ನು ತಟ್ಟೆಗೆ ಹಾಕದೆ, ಬೇರೆಯಾಗಿ ಗೋಡೆಯ ಗೂಡಿನಲ್ಲಿಟ್ಟ. ಬಂದೂಕನ್ನು ಬೀರುವಿಗೆ ಸೇರಿಸಿ ಬೀಗ ಹಾಕಿದ. ಆಮೇಲೆ ತಿರುಗಿ, "ಟ್ರ್ಯಾಕ್ಟರ್ ತಗಿ" ಅಂದ.

ಈಗ ತಿಪ್ಪೇಸ್ವಾಮಿ ಗರಬಡಿದವನ ಹಾಗೆ ನಿಂತ. ಟ್ರ್ಯಾಕ್ಟರು ಅವನ ಅಂಗಳದಲ್ಲಿ ಎರಡು ಬಾಳೆಕಂದು ಕಟ್ಟಿಸಿಕೊಂಡು, ಮೂತಿಗೆ ಚೆಂಡುಹೂವಿನ ಹಾರ ಹಾಕಿಸಿಕೊಂಡು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟುಕೊಂಡು ಪೂಜೆಗೆ ಕೂತಿತ್ತು. ನೋಡಿ ಎಂಥ ಮನುಷ್ಯ! ನಮ್ಮ ಬಂದೂಕು ಪೂಜೆಯಿಂದ ಏಳಬಹುದು, ಅವನ ಟ್ರ್ಯಾಕ್ಟರು ಏಳಬಾರದು. ನಾಳೆ ಬನ್ನಿ ಮುಡಿಯದೆ ಹೇಗಣ್ಣಾ ಅಂತ ಸಣ್ಣ ದನಿಯಲ್ಲಿ ಅಂದ. ಮಾವ ಕೀಲಿಕೈಗೆ ಕೈ ಚಾಚಿದ್ದೇ ತಡ, ಅವನಿಗೇ ನಾಚಿಕೆಯಾಗಿ ಓಡಿಹೋಗಿ ತಾನೇ ಹತ್ತಿ ಕೂತ. ನಿಂಬೆಹಣ್ಣು ಪಚಕ್ಕೆಂದಿತು.

ಆ ಸವಾರಿಯನ್ನು ಏನಂತ ಹೇಳಲಿ! ಒಂದು ಕಡೆಯ ಮಡ್‌ಗಾರ್ಡಿನ ಮೇಲೆ ಮಾವ, ಇನ್ನೊಂದು ಕಡೆ ನಾನು, ಹಿಂದಿನ ಕೊಂಡಿಯ ಮೇಲೆ ನಾಗರತ್ನತ್ತೆ. ಇಳಿಯಲು ಹೇಳಿದರೂ ಕೇಳಲಿಲ್ಲ. ದೇವರ ಮನೆಯ ಜಾಗಟೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು. ಬಾಳೆಕಂದು ರಪರಪ ಬಡಿಯುತ್ತಿತ್ತು, ತಿಪ್ಪೇಸ್ವಾಮಿ ಹಾರ್ನು ಒತ್ತಿದ್ದು ಬಿಡಲಿಲ್ಲ, ಅತ್ತೆ ಜಾಗಟೆ ಬಾರಿಸುವುದು ನಿಲ್ಲಿಸಲಿಲ್ಲ, ಬದುವು ಹಾರಿದಾಗಲೆಲ್ಲ ನನ್ನ ಹಲ್ಲು ಹಲ್ಲಿಗೆ ತಾಗುತ್ತಿತ್ತು. ಹೆದರಿಕೆಯೋ ಹುರುಪೋ ನನಗೆ ಇವತ್ತಿಗೂ ತಿಳಿಯದು, ಹೊಟ್ಟೆಯೊಳಗಿಂದ ಎಂಥದೋ ಕಿರುಚಾಟ ಎದ್ದು ಬಂತು. ನಾಚಿಕೆ ಬಿಟ್ಟು ಕಿರುಚಿದೆ. ಶೇಂಗಾ ಬಣವೆಯ ಹತ್ತಿರ ಕಪ್ಪಗೆ, ದೊಡ್ಡ ಕಂಬಳಿ ಮುದ್ದೆಯ ಹಾಗೆ ಕೂತಿದ್ದ ಕರಡಿ ಮೂತಿ ಎತ್ತಿ ನೋಡಿತು. ಮೂತಿಯ ತುಂಬ ಮಣ್ಣು. ಬಾಳೆಗಿಡ ಎರಡು ನೆಟ್ಟಗೆ ನಿಂತು, ಹಾರ ಹಾಕಿಕೊಂಡು, ಜಾಗಟೆ ಬಾರಿಸುತ್ತ, ಹೆಂಗಸಿನ ದನಿಯಲ್ಲಿ ಅರಚುತ್ತ ತನ್ನ ಮೇಲೆ ಬರುತ್ತಿರುವುದನ್ನು ಅದು ತನ್ನ ಜನ್ಮದಲ್ಲಿ ಕಂಡಿರಲಿಕ್ಕಿಲ್ಲ. ಒಂದು ಗಳಿಗೆ ಹಿಂಗಾಲ ಮೇಲೆ ಎದ್ದು ನಿಂತಿತು. ಆಮೇಲೆ ದಡಕ್ಕನೆ ತಿರುಗಿ, ಹಿಂಭಾಗ ಕುಣಿಸುತ್ತ ಗುಡ್ಡ ಹತ್ತಿ ಹೋಯಿತು ನೋಡಿ, ಹಿಂತಿರುಗಿ ಸಹ ನೋಡಲಿಲ್ಲ.

ಶೆಡ್ಡಿನ ಬಾಗಿಲು ತೆಗೆದು ದುರುಗಜ್ಜಿ ಹೊರಗೆ ಬಂದಳು. ಕೈಯಲ್ಲಿ ಮೊಬೈಲು, ತಲೆಯ ಮೇಲೆ ಸೆರಗು, ಎಲ್ಲಾ ಸರಿಯಾಗಿತ್ತು. ಮಾವ ಜಿಗಿದು ಇಳಿದು ಅವಳ ಎರಡೂ ತೋಳು ಹಿಡಿದುಕೊಂಡ. ಅಜ್ಜಿ ಅವನ ಹೆಗಲ ಮೇಲಿನಿಂದ ಮಗನನ್ನು ನೋಡಿದಳು, ಟ್ರ್ಯಾಕ್ಟರನ್ನು ನೋಡಿದಳು, ಮುರಿದು ನೇತಾಡುತ್ತಿದ್ದ ಬಾಳೆಕಂದನ್ನು ನೋಡಿದಳು. ಪೂಜೆ ಆದ ಗಾಡಿಯನ್ನು ಹೊಡೆದುಕೊಂಡು ಬಂದೆಯಲ್ಲೋ ಮೂಳ ಅಂತ ಅಲ್ಲಿಂದ ಶುರುವಾದ ಬೈಗುಳ ಮನೆ ಮುಟ್ಟಿದರೂ ನಿಲ್ಲಲಿಲ್ಲ. ನಾವೆಲ್ಲ ಬೈಸಿಕೊಳ್ಳುತ್ತ ನಕ್ಕು ನಕ್ಕು ಸತ್ತೆವು. ಅತ್ತೆ ಮಾತ್ರ ದಾರಿಯುದ್ದಕ್ಕೂ ಜಾಗಟೆಯನ್ನು ಎದೆಗೆ ಅವುಚಿಕೊಂಡು ಕೂತಿದ್ದಳು.

ಮರುದಿನ ಬನ್ನಿ ಕೊಟ್ಟು, ಹಿರಿಯರ ಕಾಲಿಗೆ ಬಿದ್ದು ಎಲ್ಲಾ ಮುಗಿದ ಮೇಲೆ ಮಾವ ಹಿಂದಿನ ಪಡಸಾಲೆಯಲ್ಲಿ ಮೇಜು ಹಾಕಿದ. ಕನ್ನಡಕ ಏರಿಸಿಕೊಂಡು, ಒಳಗೆ ನೋಡಿ, "ನಾಗಿ, ನೀನೂ ಬಂದು ಕುಂದ್ರು" ಅಂದ. ಇಷ್ಟು ವರ್ಷದ ಸಂಸಾರದಲ್ಲಿ ಆ ಮೇಜಿಗೆ ಅವಳನ್ನು ಕರೆದದ್ದು ಅದೇ ಮೊದಲು. ಅತ್ತೆ ಕೈ ಒರೆಸಿಕೊಂಡು ಬಂದು ಕೂತಳು. ನಾನು ಬಾಗಿಲಲ್ಲಿ, ನನ್ನ ಹಳೇ ಜಾಗದಲ್ಲಿ.

ಗೂಡಿನಲ್ಲಿಟ್ಟಿದ್ದ ಎರಡನ್ನು ಮಾವ ಮೊದಲು ತೆಗೆದುಕೊಂಡ. ಒಂದರ ಮಡಿಕೆಯನ್ನು ಮೆಲ್ಲಗೆ ಬಿಡಿಸಿ, ಸೀಸದ ಗುಂಡುಗಳನ್ನು ಒಂದು ಬಟ್ಟಲಿಗೆ, ಮದ್ದನ್ನು ಇನ್ನೊಂದಕ್ಕೆ ಸುರುವಿದ. ಖಾಲಿಯಾದ ತೋಟಾದ ಬಾಯಿ ನೆಟ್ಟಗೆ ಮಾಡಿ ಮೇಜಿನ ಮೇಲೆ ಗೀಚಿದ್ದ ಗೆರೆಯ ಹತ್ತಿರ ಇಟ್ಟ. ಗೆರೆಗೆ ಸರಿಯಾಗಿ ನಿಂತಿತು. ಅದು ಗಿಡ್ಡದ್ದು. ಎರಡನೆಯದನ್ನು ಎತ್ತಿಕೊಂಡ. ಅದರ ಬಾಯಿಯ ಗಂಧ ಅರ್ಧ ಅಳಿಸಿ, ಅದರ ಮೇಲೆ ಅವನ ಹೆಬ್ಬೆರಳಿನ ಗುರುತು ಒಣಗಿ ಕೂತಿತ್ತು. ಹಿಂದಿನ ಸಂಜೆ ಮಾವ ಮೊದಲು ಎತ್ತಿ ಬಂದೂಕಿನ ಬಾಗಿಲತನಕ ಒಯ್ದದ್ದು ಅದೇ. ಹಾಗೇ ಬಿಡಿಸಿದ, ಹಾಗೇ ಸುರುವಿದ, ಗೆರೆಯ ಹತ್ತಿರ ಇಟ್ಟ. ಉಗುರಗಲದಷ್ಟು ಗೆರೆ ದಾಟಿ ಆಚೆ ನಿಂತಿತು.

ಅತ್ತೆ ಆ ಉಗುರಗಲವನ್ನು ಬಗ್ಗಿ ನೋಡಿದಳು. ಬೆರಳಿನಿಂದ ಮುಟ್ಟಿ ನೋಡಿದಳು. ಎದ್ದು ದೇವರ ಮನೆಗೆ ಹೋದಳು. ಗಂಧದ ಬಟ್ಟಲು, ಕುಂಕುಮದ ಭರಣಿ ಹಿಡಿದುಕೊಂಡು ಬಂದು, ಮಾವನ ಎಡಗೈಯನ್ನು ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಶುರು ಮಾಡಿ ಒಂದೊಂದೇ ಬೆರಳಿಗೆ ಗಂಧ ಹಚ್ಚಿ, ಅದರ ಮೇಲೆ ಕುಂಕುಮ ಇಟ್ಟಳು. ಕಣ್ಣೀರು ಗಂಧಕ್ಕೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದಳು. ಕಿರುಬೆರಳು ಮುಗಿಯುವತನಕ ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ, ನಾನೂ ಸಹ. ಬಿಚ್ಚಬೇಕಾದ ತೋಟಾಗಳು ತಟ್ಟೆಯ ತುಂಬ ಇನ್ನೂ ಹಾಗೇ ಇದ್ದವು. ಮಾವ ಗಂಧ ಒಣಗಲಿ ಅಂತ ಆ ಕೈಯನ್ನು ಅವಳ ಮಡಿಲಲ್ಲೇ ಚಾಚಿಕೊಂಡು ಕಾದ.